ಗುಂಪುಗಳಿಗೆ ಇನ್ನು ಸ್ಪಿರಿಟ್ ಸ್ಟವ್ ಕೊಡುವುದಿಲ್ಲ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ಮೂರು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಚಾರಣದ ಗುಂಪಿಗೆ ನಮ್ಮ ಸಹಕಾರ ಸಂಘದಿಂದ ಸ್ಪಿರಿಟ್ ಸ್ಟವ್ (ಮದ್ಯಸಾರದಿಂದ ಉರಿಯುವುದು) ಬಾಡಿಗೆಗೆ ಸಿಗುವುದಿಲ್ಲ. ಅದರ ಬದಲು ಪೆಟ್ರೋಲ್ ಇಲ್ಲವೇ ಸೀಮೆಎಣ್ಣೆಯನ್ನು ಕೈಪಂಪಿನ ಒತ್ತಡದಿಂದ ಉರಿಸುವ ಪಂಪ್ ಸ್ಟವ್ ಕೊಡುತ್ತೇವೆ. ಬಾಡಿಗೆ ಏನೂ ಬದಲಾಗಿಲ್ಲ. ಒಬ್ಬರೋ ಇಬ್ಬರೋ ಹೋಗುವವರು ಮೊದಲಿನಂತೆ ಸ್ಪಿರಿಟ್ ಸ್ಟವ್ ಒಯ್ಯಬಹುದು.

ಏನಾಯಿತು ಅಂತ ಮುಚ್ಚಿಡದೆ ಹೇಳುತ್ತೇವೆ. ಈಚೆಗೆ ಆರು ಜನರ ತಂಡವೊಂದು ಮಧ್ಯಾಹ್ನದ ಬಿಸಿಲಿನಲ್ಲಿ ಅಡುಗೆಗೆ ಕೂತಿತ್ತು. ನೀರು ಇನ್ನೂ ಕುದಿ ಬಂದಿರಲಿಲ್ಲ, ಬರ್ನರ್ ಆರಿದಂತೆ ಕಂಡಿತು. ಒಬ್ಬರು ಬಾಟಲಿಯಿಂದ ಸ್ಪಿರಿಟ್ ಸುರಿದರು. ಒಳಗೆ ಇನ್ನೂ ಉರಿ ಇತ್ತು! ಅದು ಭಗ್ಗನೆ ಬಾಟಲಿಯ ಬಾಯಿವರೆಗೆ ಬಂತು. ಅಂಗಿಯ ತೋಳು ಸುಟ್ಟಿತು, ಬೆರಳಿಗೆ ಬೊಬ್ಬೆ ಬಂತು, ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು. ತಪ್ಪು ನಮ್ಮದೂ ಹೌದು. "ತಣ್ಣಗಾದ ಮೇಲೆ ತುಂಬಿಸಿ" ಅಂತ ಚೀಟಿಯಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆವು.

ಸ್ಪಿರಿಟ್ ಮಸಿಯಿಲ್ಲದೆ ಉರಿಯುತ್ತದೆ. ಬೆಂಕಿಗೆ ಹಳದಿ ಬಣ್ಣ ಕೊಡುವುದೇ ಕಾದು ಹೊಳೆಯುವ ಮಸಿಯ ಕಣಗಳು. ಅವು ಇಲ್ಲ ಅಂದರೆ ಬಿಸಿಲಿನಲ್ಲಿ ಉರಿ ಕಣ್ಣಿಗೆ ಬೀಳುವುದೇ ಇಲ್ಲ. ಜೊತೆಗೆ ಅದರ ಶಾಖವೂ ಕಡಿಮೆ. ಸ್ಪಿರಿಟ್‌ನ ಮುಖ್ಯ ಭಾಗವಾದ ಎಥನಾಲ್ ಒಂದು ಕೆಜಿಗೆ ಸುಮಾರು 27 ಮೆಗಾಜೂಲ್ ಶಾಖ ಕೊಟ್ಟರೆ, ಪೆಟ್ರೋಲ್ 44ರ ಆಸುಪಾಸು ಕೊಡುತ್ತದೆ. ಒಬ್ಬರಿಗೆ ಎರಡು ಕಪ್ ನೀರು ಕಾಯಿಸಲು ಒಂದು ಸಲ ತುಂಬಿಸಿದರೆ ಸಾಕು. ಆರು ಜನರ ಪಾತ್ರೆಗೆ ಸಾಲದು, ನಡುವೆ ಮತ್ತೆ ಸುರಿಯಲೇಬೇಕು. ಹಸಿದ ಹೊಟ್ಟೆಯಲ್ಲಿ ಬರ್ನರ್ ತಣ್ಣಗಾಗಲಿ ಅಂತ ಕಾಯುವವರು ಯಾರು, ಹೇಳಿ?

ಸ್ಪಿರಿಟ್ ಸ್ಟವ್ ಮೇಲೆ ನಮಗೇನೂ ಕೋಪವಿಲ್ಲ. ಸದ್ದಿಲ್ಲ, ಕೆಡುವ ಭಾಗವಿಲ್ಲ, ಹಿತ್ತಾಳೆ ಬರ್ನರ್ ಅಂಗೈಯಲ್ಲಿ ಕೂರುತ್ತದೆ. ನಮ್ಮಲ್ಲಿ ಕೆಲವರು ಸ್ವಂತಕ್ಕೆ ಒಯ್ಯುವುದು ಇವತ್ತಿಗೂ ಅದನ್ನೇ.

ಪಂಪ್ ಸ್ಟವ್ ಹೊಸದೇನಲ್ಲ. ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಅನ್ನುವವರು 1892ರಲ್ಲಿ ತಂದ ಪ್ರೈಮಸ್ ಸೀಮೆಎಣ್ಣೆ ಸ್ಟವ್‌ನ ವಂಶವೇ ಇದು. ನಾವು ಕೊಡುವುದರಲ್ಲಿ ಇಂಧನದ ಬಾಟಲಿ ದೂರ ಇರುತ್ತದೆ, ಒಂದು ಪೈಪ್ ಬರ್ನರ್‌ಗೆ ಬರುತ್ತದೆ. ಇಡೀ ಅಡುಗೆಗೆ ಬೇಕಾದಷ್ಟು ಇಂಧನ ಮೊದಲೇ ಬಾಟಲಿಯಲ್ಲಿರುತ್ತದೆ, ಉರಿಯ ಹತ್ತಿರ ಸುರಿಯುವ ಕೆಲಸವೇ ಇಲ್ಲ. ಒತ್ತಡ ನಿಮ್ಮ ಕೈಯಿಂದಲೇ ಬರುವುದರಿಂದ, ಬ್ಯೂಟೇನ್ ಗ್ಯಾಸ್ ಮಂಕಾಗುವ ಸೊನ್ನೆ ಡಿಗ್ರಿ ಚಳಿಯಲ್ಲೂ ಇದು ಜೋರಾಗಿ ಉರಿಯುತ್ತದೆ.

ಆದರೆ ಇದಕ್ಕೂ ಸ್ವಲ್ಪ ಹಟವಿದೆ. ಇಂಧನ ಆವಿಯಾಗಿ ಬರಲಿ ಅಂತ, ಹಚ್ಚುವ ಮೊದಲು ಬರ್ನರ್ ಹತ್ತಿರದ ಪೈಪನ್ನು ಬಿಸಿ ಮಾಡಬೇಕು. ಬರ್ನರ್ ಕೆಳಗಿನ ಬಟ್ಟಲಿಗೆ ಅರ್ಧ ಟೀ ಚಮಚದಷ್ಟು ಇಂಧನ ಬಿಟ್ಟು, ವಾಲ್ವ್ ಮುಚ್ಚಿ, ಹಚ್ಚಿ. ಹಳದಿ ಉರಿ ಏಳುತ್ತದೆ, ಹೆದರಬೇಡಿ. ಅದು ಕುಗ್ಗಿ ಇನ್ನೇನು ಆರಬೇಕು ಅನ್ನುವಾಗ ವಾಲ್ವನ್ನು ನಿಧಾನಕ್ಕೆ ತಿರುಗಿಸಿ. ಒಂದೆರಡು ಸಲ ಫಟ್ ಫಟ್ ಅಂದು, ಉರಿ ನೀಲಿಯಾಗಿ ಗುರ್ ಅನ್ನುತ್ತದೆ. ಆತುರಪಟ್ಟರೆ ಇಂಧನ ಹಸಿಯಾಗಿಯೇ ಚಿಮ್ಮಿ ಆಳೆತ್ತರ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಹಾಕುವವರು ಬಿಸಿ ಮಾಡಲು ಸ್ಪಿರಿಟ್ ಬಳಸಿದರೆ ಮಸಿ ಕಡಿಮೆ. ಸೀಮೆಎಣ್ಣೆಗೆ ಜೆಟ್ (ಇಂಧನ ಚಿಮ್ಮುವ ಸಣ್ಣ ಮೂತಿ) ಕೂಡ ಬೇರೆ, ಅದರ ತೂತು ಚಿಕ್ಕದು. ಎರಡೂ ಜೆಟ್ ಡಬ್ಬಿಯಲ್ಲಿರುತ್ತವೆ.

ಉರಿ ಸಣ್ಣ ಮಾಡುವುದು ಪಂಪಿನ ಒಂದೇ ವಾಲ್ವ್ ಇರುವ ಸ್ಟವ್‌ನಲ್ಲಿ ಕಷ್ಟ. ಪೈಪಿನಲ್ಲಿ ಉಳಿದದ್ದು ಖಾಲಿಯಾಗುವವರೆಗೆ ಅದು ಮಾತು ಕೇಳುವುದಿಲ್ಲ. ಆದ್ದರಿಂದ ಬರ್ನರ್ ಪಕ್ಕದಲ್ಲಿ ಎರಡನೇ ವಾಲ್ವ್ ಇರುವುದನ್ನೇ ಆರಿಸಿದ್ದೇವೆ. ತೂಕ ಸ್ವಲ್ಪ ಜಾಸ್ತಿ, ಸದ್ದೂ ಜಾಸ್ತಿ. ತಳ ಹತ್ತದ ಅನ್ನ ಬೇಕು ಅನ್ನುವವರು ಸಹಿಸಿಕೊಳ್ಳಿ.

ಟೆಂಟಿನೊಳಗೆ ಯಾವ ಸ್ಟವ್ ಕೂಡ ಬೇಡ. ಉರಿಯಿಂದ ಬರುವ ವಿಷಗಾಳಿ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯಿಲ್ಲ.

ಇನ್ನು ಮುಂದೆ ಪಂಪ್ ಸ್ಟವ್ ಒಯ್ಯುವ ಗುಂಪಿನಿಂದ ಇಬ್ಬರು ನಮ್ಮ ಅಂಗಳದಲ್ಲಿ ಒಮ್ಮೆ ಹಚ್ಚಿ, ಆರಿಸಿ ತೋರಿಸಬೇಕು. ಬರೀ ಚೀಟಿ ಕೊಟ್ಟು ಕಳಿಸಿದರೆ ಸಾಲದು ಅನ್ನಿಸಿದೆ. ಈಗಾಗಲೇ ಸ್ಪಿರಿಟ್ ಸ್ಟವ್ ಕಾದಿರಿಸಿದ ಗುಂಪುಗಳಿಗೂ ಇದೇ ಸಿಗುತ್ತದೆ, ಬೇಡವಾದರೆ ಮುಂಗಡ ಪೂರ್ತಿ ವಾಪಸ್. ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಬನ್ನಿ. ನೈಲಾನ್ ಅಂಗಿ ಬೇಡ, ಹತ್ತಿಯದು ಹಾಕಿಕೊಂಡು ಬನ್ನಿ.

ನಿಮ್ಮ
ಸಹಕಾರ ಸಂಘದ ಬಾಡಿಗೆ ವಿಭಾಗ