ಬೀರು ಕೊಡುವವರಿದ್ದಾರೆ, ಸಂಬಳಕ್ಕೆ ಯಾರು?

ಸಂಪಾದಕರೇ,

ಜೂನ್ ಬಂತೆಂದರೆ ದೊಡ್ಡ ಶಾಲೆಗಳ ಫೀಸಿನದೇ ಸುದ್ದಿ. ಜನರೇ ಸೇರಿ ಕಟ್ಟಿಕೊಂಡ ಸಣ್ಣ ಶಾಲೆಗಳ ಕಷ್ಟಕ್ಕೂ ಸ್ವಲ್ಪ ಜಾಗ ಕೊಡಿ ಅಂತ ಈ ಪತ್ರ.

ಹನುಮಂತನಗರದ ಹತ್ತಿರ ನಾವು ಕೆಲವು ಮನೆಯವರು ಸೇರಿ ಒಂದು ಕನ್ನಡ ಶಾಲೆ ಶುರು ಮಾಡಿದೆವು. ಮೊದಲ ಪಾಠ ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ. ಮಳೆ ಬಂದರೆ ಮಕ್ಕಳೆಲ್ಲ ಒಳಗೆ, ಆ ಮನೆಯ ಅಜ್ಜಿ ಧಾರಾವಾಹಿ ನಿಲ್ಲಿಸಿ ಜಾಗ ಬಿಡಬೇಕು (ಬಿಡುತ್ತಿದ್ದರು, ಗೊಣಗಿಕೊಂಡೇ). ನಾನು ಬ್ಯಾಂಕಿನಲ್ಲಿದ್ದವನು, ಹಾಗಾಗಿ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು.

ಕಟ್ಟಡದ ಸರ್ಟಿಫಿಕೇಟು, ಅಗ್ನಿಶಾಮಕದ ಸರ್ಟಿಫಿಕೇಟು, ಮಾನ್ಯತೆ ನವೀಕರಣ ಅಂತ ಓಡಾಡಿ ಚಪ್ಪಲಿ ಸವೆದದ್ದು ಬಿಡಿ. ನಿಜವಾದ ತಲೆನೋವು ಬೇರೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61 ಆದರೆ ಮೂವರು ಬೇಕು. ನಮ್ಮಲ್ಲಿ 61ನೇ ಮಗು ಸೇರಿದ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದೆವು, ಸಂಜೆ ಪುಸ್ತಕ ತೆರೆದು ಕೂತಾಗ ಇನ್ನೊಂದು ಸಂಬಳ ಎಲ್ಲಿಂದ ತರೋದು ಅಂತ ತಲೆ ಮೇಲೆ ಕೈ ಹೊತ್ತುಕೊಂಡೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳು ಸಂಬಳಕ್ಕೆ ಸರ್ಕಾರದ ಅನುದಾನ ಕೇಳಿ ಕೇಳಿ ಸುಸ್ತಾಗಿವೆ, ನಮ್ಮದೂ ಅದೇ ಸಾಲಿನಲ್ಲಿದೆ.

ದಾನಿಗಳಿಲ್ಲ ಅಂತಲ್ಲ. ಬೀರು, ಬೆಂಚು, ನೀರಿನ ಫಿಲ್ಟರ್ ಎಲ್ಲ ಬರುತ್ತವೆ. ಅವುಗಳ ಮೇಲೆ ಹೆಸರು ಬರೆಸಬಹುದು ನೋಡಿ. ಮೇಡಂ ಸಂಬಳದ ಮೇಲೆ ಹೆಸರು ಬರೆಸಲು ಆಗುತ್ತಾ?

ನಮ್ಮ ಪಕ್ಕದ ಬಸವನಗುಡಿಯಲ್ಲೇ 1917ರಲ್ಲಿ ಶುರುವಾದ ನ್ಯಾಷನಲ್ ಹೈಸ್ಕೂಲ್ ಇದೆ. ಆ್ಯನಿ ಬೆಸೆಂಟ್ ಪ್ರೇರಣೆಯಿಂದ ಹುಟ್ಟಿದ್ದು. ಅಲ್ಲಿ ಓದಬೇಕು ಅಂತ 1935ರಲ್ಲಿ ಎಚ್. ನರಸಿಂಹಯ್ಯನವರು (ಎಲ್ಲರ ಎಚ್ಚೆನ್) ಗೌರಿಬಿದನೂರು ಕಡೆಯಿಂದ ನಡೆದೇ ಬಂದರು. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಹಾಸ್ಟೆಲ್ ರೂಮಿನಲ್ಲೇ ಬದುಕಿದರು. ಎಲ್ಲರೂ ಎಚ್ಚೆನ್ ಆಗಬೇಕು ಅಂತ ನಾನು ಹೇಳಲ್ಲ, ನನ್ನ ಕೈಲೇ ಆಗಲ್ಲ. ಆದರೆ ನಮ್ಮ ಮೇಡಂಗಳು ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕರೂ ಹೋಗದೆ ಉಳಿದಿದ್ದಾರೆ, ಅವರ ಒಳ್ಳೆಯತನದ ಮೇಲೆ ನಾವು ಎಷ್ಟು ವರ್ಷ ಅಂತ ಶಾಲೆ ನಡೆಸೋದು?

ತಿಂಗಳಿಗೆ ಇನ್ನೂರು, ಮುನ್ನೂರು ರೂಪಾಯಿ ಕೊಡುವ ನೂರು ಮನೆ ಸಿಕ್ಕರೆ ಒಬ್ಬ ಶಿಕ್ಷಕಿಯ ಸಂಬಳ ಹೊರಡುತ್ತದೆ. ವಾರ್ಷಿಕೋತ್ಸವಕ್ಕೆ ಬರುವ ಹಿರಿಯರು ಶಾಲು ಹಾರ ತರುವ ಬದಲು ಆ ದುಡ್ಡನ್ನೇ ಕೊಡಲಿ. ಹೋದ ವರ್ಷದ ಏಳು ಶಾಲು ದಾನದ ಬೀರುವಿನಲ್ಲಿ ಹಾಗೇ ಮಡಚಿಕೊಂಡಿವೆ.

– ನಿವೃತ್ತ ಬ್ಯಾಂಕ್ ಗುಮಾಸ್ತ, ಹನುಮಂತನಗರ, ಬೆಂಗಳೂರು