ಕಿತ್ತಳೆ ಪೆಟ್ಟಿಗೆಯ ಮಗು, ಮಾಂಟೆ ಕಾರ್ಲೊದ ಅಪ್ಪ

ಪ್ರೀತಿಯ ಗೆಳೆಯಾ,

ಉಭಯ ಕುಶಲೋಪರಿ ಸಾಂಪ್ರತ ಅಂತ ಶುರು ಮಾಡಿದರೆ ನೀನು ನಗುತ್ತೀಯ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಹೋದ ವಾರ ಫೋನಿನಲ್ಲಿ ಬ್ರಿಟನ್ನಿನ ರಾಣಿಯಾಗಿದ್ದ ಎಲಿಜಬೆತ್‌ಳ ಗಂಡ ಫಿಲಿಪ್‌ನ ಮಾತು ಬಂತಲ್ಲ, ಆಗ ನೀನು "ಅವನಿಗೇನಪ್ಪಾ ಕಡಿಮೆ, ಹುಟ್ಟಿದ್ದೂ ಅರಮನೆ, ಸತ್ತಿದ್ದೂ ಅರಮನೆ" ಅಂದೆ. ನಾನು ಹೂಂಗುಟ್ಟಿ ಸುಮ್ಮನಾದೆ. ಫೋನ್ ಇಟ್ಟ ಮೇಲೆ ಅದೇ ಕೊರೆಯಿತು. ಸತ್ತಿದ್ದರ ಬಗ್ಗೆ ತಕರಾರಿಲ್ಲ. ಹುಟ್ಟಿದ್ದರ ಬಗ್ಗೆ ಇದೆ. ಅದಕ್ಕಿಂತ ಜಾಸ್ತಿ, ಅವನ ಅಪ್ಪನ ಬಗ್ಗೆ ಇದೆ.

ಅಪ್ಪನ ಹೆಸರು ಆಂಡ್ರ್ಯೂ. ಗ್ರೀಸಿನ ರಾಜ ಒಂದನೇ ಜಾರ್ಜ್‌ನ ನಾಲ್ಕನೇ ಮಗ, 1882ರಲ್ಲಿ ಅಥೆನ್ಸ್ ಪಕ್ಕದ ಟಟೋಯಿಯಲ್ಲಿ ಹುಟ್ಟಿದವನು. ಮನೆತನ ಡೆನ್ಮಾರ್ಕಿನದು, ತಾಯಿ ರಷ್ಯಾದವಳು. ಆದರೂ ಇವನು ಹೆತ್ತವರ ಹತ್ತಿರವೂ ಗ್ರೀಕ್ ಭಾಷೆಯಲ್ಲೇ ಮಾತಾಡುತ್ತೇನೆ ಅಂತ ಹಟ ಹಿಡಿದವನು. ಅಷ್ಟು ಹಚ್ಚಿಕೊಂಡ ದೇಶ ಅವನನ್ನು ಎರಡು ಸಲ ಹೊರಗೆ ಹಾಕಿತು. ಮೊದಲ ಸಲ 1917ರಲ್ಲಿ. ಆಗ ಇಡೀ ರಾಜಮನೆತನದ ಜೊತೆ ಹೋಗಿ ಮೂರು ವರ್ಷಕ್ಕೆ ಮರಳಿ ಬಂದ. ಎರಡನೆಯದು ಹಾಗಲ್ಲ.

1921ರಲ್ಲಿ ಗ್ರೀಕರ ಸೈನ್ಯ ತುರ್ಕಿಯ ಒಳಗೆ, ಅಂಕಾರಾ ಸಮೀಪದ ಸಕಾರ್ಯಾ ನದಿಯವರೆಗೆ ನುಗ್ಗಿತ್ತು. ಎರಡನೇ ದಳ ಆಂಡ್ರ್ಯೂ ಕೈಯಲ್ಲಿತ್ತು. ಮೇಲಿನವರು ದಾಳಿ ಮಾಡು ಅಂದರು. ಇದು ಸುಮ್ನೆ ಹುಡುಗರನ್ನು ಸಾಯಿಸುವ ಕೆಲಸ ಅಂತ ಅವನಿಗೆ ಅನ್ನಿಸಿತು. ಆಜ್ಞೆ ಪಾಲಿಸಲಿಲ್ಲ. ಯಾರು ಸರಿ ಅಂತ ಹೇಳಲು ನಾನು ಯಾರು? ಆದರೆ ಮರುವರ್ಷ ಗ್ರೀಸ್ ಪೂರ್ತಿ ಸೋತು, ಲಕ್ಷಗಟ್ಟಲೆ ನಿರಾಶ್ರಿತರು ಹಡಗು ಹತ್ತಿ ಬಂದಾಗ ಜನಕ್ಕೆ ಹೊಣೆ ಹೊರಿಸಲು ತಲೆಗಳು ಬೇಕಿದ್ದವು. 1922ರ ನವೆಂಬರ್ 28ರಂದು ಮೂವರು ಮಾಜಿ ಪ್ರಧಾನಿಗಳೂ ಸೇರಿ ಆರು ಜನರನ್ನು ಗುಂಡಿಟ್ಟು ಕೊಂದರು. ಆಂಡ್ರ್ಯೂ ಆಗಲೇ ಬಂಧನದಲ್ಲಿದ್ದ. ಹೊಸ ಸರ್ಕಾರದ ಯುದ್ಧಮಂತ್ರಿ ಪಾಂಗಲೊಸ್ ಅವನ ಹತ್ತಿರ ಬಂದು ನಿನಗೆ ಮಕ್ಕಳೆಷ್ಟು ಅಂತ ಕೇಳಿದನಂತೆ. ಐದು ಅಂದಾಗ, ಪಾಪ, ತಬ್ಬಲಿಗಳಾಗುತ್ತವಲ್ಲ ಅಂದನಂತೆ. ಇದು ಆ ಮನೆಯವರು ಹೇಳಿಕೊಂಡು ಬಂದ ಕಥೆ.

ತಲೆ ಉಳಿಯಿತು. ಬ್ರಿಟಿಷರು ಟಾಲ್ಬಟ್ ಎಂಬ ನೌಕಾಧಿಕಾರಿಯನ್ನು ಕಳಿಸಿ ಒಳಗೊಳಗೇ ಮಾತು ಮುಗಿಸಿದರು. ಪದವಿ ಕಿತ್ತುಕೊಂಡು ಜೀವನಪೂರ್ತಿ ಗಡೀಪಾರು, ಅಷ್ಟೇ ಶಿಕ್ಷೆ. 'ಕ್ಯಾಲಿಪ್ಸೊ' ಎಂಬ ಯುದ್ಧನೌಕೆ ಅವನನ್ನು ಹತ್ತಿಸಿಕೊಂಡು ಕೊರ್ಫು ದ್ವೀಪಕ್ಕೆ ಹೋಗಿ ಹೆಂಡತಿ ಮಕ್ಕಳನ್ನೂ ಕರೆದುಕೊಂಡಿತು. ನಾಲ್ಕು ಹೆಣ್ಣುಮಕ್ಕಳು, ಕೊನೆಯದು ಒಂದೂವರೆ ವರ್ಷದ ಗಂಡು. ಯುದ್ಧನೌಕೆಯಲ್ಲಿ ತೊಟ್ಟಿಲು ಎಲ್ಲಿಂದ ತರುತ್ತಾರೆ ಹೇಳು? ಕಿತ್ತಳೆ ತುಂಬುವ ಮರದ ಪೆಟ್ಟಿಗೆಯಲ್ಲಿ ಮಲಗಿಸಿದರು. ನಿನ್ನ ಅರಮನೆಯ ಫಿಲಿಪ್ ಇವನೇ.

ಪ್ಯಾರಿಸ್ ಪಕ್ಕದ ಸೇಂಟ್ ಕ್ಲೂನಲ್ಲಿ ಆಂಡ್ರ್ಯೂನ ಅತ್ತಿಗೆ ಮರಿ ಬೊನಪಾರ್ಟ್ ಒಂದು ಮನೆ ಬಿಟ್ಟುಕೊಟ್ಟಳು. ಅವಳಿಗೆ ತವರಿನ ಆಸ್ತಿ ಬೇಕಾದಷ್ಟಿತ್ತು. ಇವರದು ನೆಂಟರ ಹಂಗಿನ ಬದುಕು. ಹೆಂಡತಿ ಆಲಿಸ್ ಗ್ರೀಕ್ ನಿರಾಶ್ರಿತರಿಗಾಗಿ ನಡೆಸುತ್ತಿದ್ದ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಆಂಡ್ರ್ಯೂ ಮಾತ್ರ ಸಕಾರ್ಯಾ ಬಿಟ್ಟು ಆಚೆ ಬರಲಿಲ್ಲ. ತನ್ನದು ತಪ್ಪಿಲ್ಲ ಅಂತ ಸಾಧಿಸಲು ಒಂದು ಪುಸ್ತಕವನ್ನೇ ಬರೆದ. ಅದನ್ನು ಇಂಗ್ಲಿಷಿಗೆ ಇಳಿಸಿದವಳು ಆಲಿಸ್.

ಆಲಿಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಿಂಡ್ಸರ್ ಕೋಟೆಯಲ್ಲಿ ಹುಟ್ಟಿದವಳು, ಹುಟ್ಟು ಕಿವುಡಿ. ತುಟಿ ನೋಡಿಯೇ ಹಲವು ಭಾಷೆ ಕಲಿತವಳು. ಅಂದ ಹಾಗೆ, ನಮ್ಮ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಇದ್ದನಲ್ಲ, ಇವಳ ತಮ್ಮ, ಅಂದರೆ ಫಿಲಿಪ್‌ಗೆ ಸೋದರಮಾವ. 1930ರ ಹೊತ್ತಿಗೆ ಆಲಿಸ್ ಮನಸ್ಸು ಹದ ತಪ್ಪಿತು. ಆ ವರ್ಷದ ಮೇ ತಿಂಗಳಲ್ಲಿ, ಮಕ್ಕಳನ್ನು ತಿರುಗಾಡಲು ಹೊರಗೆ ಕಳಿಸಿ, ಅವಳನ್ನು ಸ್ವಿಟ್ಜರ್ಲೆಂಡಿನ ಆಸ್ಪತ್ರೆಗೆ ಸಾಗಿಸಿದರು. ಮಕ್ಕಳು ತಿರುಗಿ ಬಂದಾಗ ಅಮ್ಮ ಇಲ್ಲ. ಆಮೇಲೆ ಒಂಬತ್ತು ತಿಂಗಳ ಅಂತರದಲ್ಲಿ ನಾಲ್ಕೂ ಹೆಣ್ಣುಮಕ್ಕಳ ಮದುವೆ ಆಗಿಹೋಯ್ತು. ನಾಲ್ವರಿಗೂ ಜರ್ಮನ್ ರಾಜಮನೆತನದ ಗಂಡುಗಳೇ. ಕಿರಿಯವಳಿಗೆ ಬರೀ ಹದಿನಾರು. ಒಂದು ಮದುವೆಯನ್ನೂ ತಾಯಿ ನೋಡಲಿಲ್ಲ.

ಅಪ್ಪ ಏನು ಮಾಡಿದ? ಮನೆಗೆ ಬೀಗ ಹಾಕಿ ಫ್ರಾನ್ಸಿನ ದಕ್ಷಿಣ ಕರಾವಳಿಗೆ ಹೋಗಿಬಿಟ್ಟ. ಹೋಟೆಲು, ಜೂಜು, ಗೆಳತಿಯ ದೋಣಿ. ಇಲ್ಲಿಯೇ ನನಗೆ ಅವನ ಮೇಲೆ ಸಿಟ್ಟು ಬರುವುದು. ಗುಂಡು ಹೊಡೆಯುವವರಿಂದ ತಪ್ಪಿಸಿಕೊಂಡವನಿಗೆ ಮಗನ ಕೈ ಹಿಡಿದುಕೊಳ್ಳಲು ಆಗಲಿಲ್ವಾ? ಒಂಬತ್ತು ತುಂಬುವಷ್ಟರಲ್ಲಿ ಹುಡುಗನಿಗೆ ಮನೆ ಅನ್ನುವುದೇ ಇಲ್ಲ. ಬೋರ್ಡಿಂಗ್ ಶಾಲೆ, ರಜೆಯಲ್ಲಿ ಈ ನೆಂಟರು ಇಲ್ಲ ಆ ನೆಂಟರು. 1932ರಿಂದ 1937ರವರೆಗೆ ತಾಯಿಯ ಮುಖ ನೋಡಿಲ್ಲ, ಕಾಗದವೂ ಇಲ್ಲ. ಎಷ್ಟೋ ವರ್ಷದ ಮೇಲೆ ಸಂದರ್ಶನದಲ್ಲಿ ಯಾರೋ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಫಿಲಿಪ್, ಮನೆ ಅಂದರೇನು ಅಂತ ತಿರುಗಿ ಕೇಳಿದ.

ಅವರೆಲ್ಲ ಮತ್ತೆ ಒಟ್ಟಿಗೆ ಸೇರಿದ್ದು ಒಂದು ಸಾವಿನ ಮನೆಯಲ್ಲಿ. 1937ರ ನವೆಂಬರಿನಲ್ಲಿ ಮೂರನೇ ಮಗಳು ಸಿಸಿಲಿ, ಗಂಡ, ಇಬ್ಬರು ಗಂಡುಮಕ್ಕಳು, ಅತ್ತೆ ಎಲ್ಲರೂ ಬೆಲ್ಜಿಯಂನ ಓಸ್ಟೆಂಡ್ ಹತ್ತಿರ ವಿಮಾನ ಬಿದ್ದು ತೀರಿಕೊಂಡರು. ಮಣ್ಣಿಗೆ ಅಂತ ಆಂಡ್ರ್ಯೂ, ಆಲಿಸ್, ಫಿಲಿಪ್ ಡಾರ್ಮ್‌ಸ್ಟಾಟ್‌ಗೆ ಬಂದರು. ಗಂಡ ಹೆಂಡತಿ ಮುಖ ನೋಡಿಕೊಂಡದ್ದು ಆರು ವರ್ಷದ ನಂತರ.

ಯುದ್ಧ ಶುರುವಾದ ಮೇಲಂತೂ ದಿಕ್ಕಾಪಾಲು. ಫಿಲಿಪ್ ಬ್ರಿಟಿಷ್ ನೌಕಾಪಡೆಯಲ್ಲಿ, ಭಾವಂದಿರು ಜರ್ಮನರ ಕಡೆ. ಆಂಡ್ರ್ಯೂ ಫ್ರಾನ್ಸಿನಲ್ಲೇ ಸಿಕ್ಕಿಕೊಂಡ. ಆಲಿಸ್ ಅಷ್ಟರಲ್ಲಿ ಚೇತರಿಸಿಕೊಂಡು ಅಥೆನ್ಸ್‌ಗೆ ಹೋಗಿದ್ದಳು. 1943ರಲ್ಲಿ ರೇಚಲ್ ಕೊಹೆನ್ ಎಂಬ ಯಹೂದಿ ವಿಧವೆಯನ್ನೂ ಅವಳ ಮಕ್ಕಳನ್ನೂ ತಾನಿದ್ದ ಮನೆಯಲ್ಲಿ ಬಚ್ಚಿಟ್ಟಳು. ಜರ್ಮನರ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಬಂದು ಪ್ರಶ್ನೆ ಕೇಳಿದರೆ, ಕಿವುಡಿಗೆ ಏನೂ ತಿಳಿಯುತ್ತಿಲ್ಲ ಅನ್ನುವ ಹಾಗೆ ಕೂತುಬಿಟ್ಟಳು. ಯಾರ ತುಟಿಯನ್ನು ಬೇಕಾದರೂ ಓದಬಲ್ಲವಳು!

1944ರ ಡಿಸೆಂಬರ್ 3ರಂದು ಮಾಂಟೆ ಕಾರ್ಲೊದ ಹೋಟೆಲಿನಲ್ಲಿ ಆಂಡ್ರ್ಯೂನ ಹೃದಯ ನಿಂತಿತು. ಇತ್ತ ಅಥೆನ್ಸ್‌ನಲ್ಲಿ ಅದೇ ದಿನ ಗ್ರೀಕರ ಒಳಜಗಳ ಶುರುವಾಗಿ ಬೀದಿಯಲ್ಲಿ ಗುಂಡು ಹಾರಿತು. ಯುದ್ಧ ಮುಗಿದರೆ ಗಂಡನನ್ನು ನೋಡಬಹುದು ಅಂತ ಆಲಿಸ್ ಆಸೆ ಇಟ್ಟುಕೊಂಡಿದ್ದಳು. 1939ರಿಂದ ನೋಡಿರಲಿಲ್ಲ. ಇದನ್ನು ಓದಿದಾಗ ನನ್ನ ಸಿಟ್ಟು ಎಲ್ಲಿ ಇಡಬೇಕೋ ತಿಳಿಯಲಿಲ್ಲ ಕಣೋ. ಅವಳಿಗೇ ಸಿಟ್ಟಿಲ್ಲ ಅಂದರೆ ನನ್ನದೇನು?

ಮುಂದೆ ಫಿಲಿಪ್ ಅಪ್ಪನ ಸಾಮಾನು ತರಲು ಹೋದ. ಸಿಕ್ಕಿದ್ದು ಒಂದಿಷ್ಟು ಬಟ್ಟೆ, ದಂತದ ಹಿಡಿಯ ಶೇವಿಂಗ್ ಬ್ರಷ್, ಮುದ್ರೆ ಉಂಗುರ. ಬ್ರಷ್ಷನ್ನು ಬಳಸಿದ, ಉಂಗುರವನ್ನು ಹಾಕಿಕೊಂಡ. 1947ರಲ್ಲಿ ಅವನ ಮದುವೆಗೆ ಉಳಿದ ಮೂವರು ಅಕ್ಕಂದಿರನ್ನು ಕರೆಯಲಿಲ್ಲ, ಜರ್ಮನರ ಸಂಬಂಧ ಅಂತ. ಮದುಮಗಳ ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ಬಂದದ್ದು ಅಮ್ಮನ ಹಳೆಯ ಕಿರೀಟದಿಂದ.

ಆಂಡ್ರ್ಯೂ ಈಗ ಟಟೋಯಿಯಲ್ಲಿದ್ದಾನೆ. ಮೊದಲು ಹೂಳಿದ್ದ ಫ್ರಾನ್ಸಿನ ನೀಸ್‌ನಿಂದ 1946ರಲ್ಲಿ ಅಲ್ಲಿಗೆ ತಂದು ಮಣ್ಣು ಮಾಡಿದರು. ಆಲಿಸ್ ಅವನ ಪಕ್ಕದಲ್ಲಿಲ್ಲ. ಅವಳು 1969ರಲ್ಲಿ ಮಗನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ತೀರಿಕೊಂಡಳು. ತನ್ನನ್ನು ಜೆರುಸಲೇಮ್‌ನಲ್ಲಿ ಹೂಳಬೇಕು ಅನ್ನುವುದು ಅವಳ ಆಸೆಯಾಗಿತ್ತು. 1988ರಲ್ಲಿ ಅದೂ ಆಯ್ತು. ಅಷ್ಟು ದೂರ ನಾವು ನಿನ್ನ ಸಮಾಧಿ ನೋಡಲು ಬರುವುದು ಹೇಗಮ್ಮಾ ಅಂತ ಕಿರಿಮಗಳು ಗೊಣಗಿದ್ದಳಂತೆ. ಅಮ್ಮ ಅಂದಳಂತೆ: ಸುಮ್ನಿರು, ಅಲ್ಲಿಗೆ ಒಳ್ಳೇ ಬಸ್ಸಿದೆ!

ಇಂತಿ ನಿನ್ನವ