ತೇಪೆ ಹಾಕಿದವರಿಗೆ, ಹಾಕಬೇಡಿ ಎಂದವರಿಗೆ

ಈ ಸಲದ ಪ್ಯಾರಾಚೂಟ್ ದುರಸ್ತಿ ಮುಗಿಯಿತು. ಟೇಪಿಗೆ ಒಗ್ಗುವ ಹರುಕುಗಳೆಲ್ಲ ಸರಿಹೋಗಿ, ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ದುರಸ್ತಿ ಮಾಡುವ ಪರಿಣತರು) ಸಹಿ ಬಿದ್ದು, ಕ್ಯಾನೊಪಿಗಳು, ಅಂದರೆ ಪ್ಯಾರಾಚೂಟಿನ ಬಟ್ಟೆಯ ಛತ್ರಿಗಳು, ಚೀಲ ಸೇರಿವೆ. ಒಗ್ಗದವು ಹೊಲಿಗೆಗೆ ಹೋಗಿವೆ. ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ. ಒಟ್ಟಿಗೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸಿದರೆ ಯಾರ ಕೆಲಸ ಎಷ್ಟು ದೊಡ್ಡದು ಅನ್ನುವುದು ತಿಳಿಯುವುದೇ ಇಲ್ಲ. ಹಾಗಾಗಿ ಒಂದೊಂದೇ ಕೆಲಸ ಹಿಡಿದು ಹೇಳುತ್ತೇವೆ.

ಮೊದಲು, ಹರುಕು ಹುಡುಕಿದವರಿಗೆ. ಬಟ್ಟೆಯನ್ನು ಬೆಳಕಿಗೆ ಎದುರಾಗಿ ಹಿಡಿದು ಒಂದೊಂದೇ ಸೆಲ್, ಅಂದರೆ ಎರಡು ಪದರಗಳ ನಡುವೆ ಗಾಳಿ ತುಂಬುವ ಖಾನೆ, ನೋಡಿದಿರಿ. ಸೂಜಿಮೊನೆಯಷ್ಟು ತೂತಿನ ಪಕ್ಕದಲ್ಲೂ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ, ಯಾವ ಸೆಲ್, ಮೇಲ್ಪದರವೋ ಕೆಳಪದರವೋ ಎಂದು ಚೀಟಿಯಲ್ಲಿ ಬರೆದಿರಿ. ಮಾರ್ಕರಿನಿಂದ ಸುತ್ತು ಹಾಕಲಿಲ್ಲ, ಅದು ದೊಡ್ಡ ಉಪಕಾರ: ಆಮೇಲೆ ಆಲ್ಕೋಹಾಲಿನಲ್ಲಿ ಒರೆಸುವಾಗ ಶಾಯಿ ಹರಡಿ ಹರುಕಿನ ಅಂಚೇ ಕಾಣದೆ ಹೋಗುತ್ತದೆ. ಎದ್ದ ಎಳೆಗಳನ್ನು ಲೈಟರಿನಿಂದ ಸುಡಲೂ ಇಲ್ಲ. ಸುಟ್ಟರೆ ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಡಿಸಿದಾಗ ಆ ಮಣಿ ಪಕ್ಕದ ಬಟ್ಟೆಯನ್ನು ಉಜ್ಜಿ ಹೊಸ ತೂತು ಮಾಡುತ್ತದೆ.

ರಿಪ್‌ಸ್ಟಾಪ್ ಬಟ್ಟೆಯಲ್ಲಿ ಹಾಸು ಹೊಕ್ಕು ಎರಡರಲ್ಲೂ ಕೆಲವು ಮಿಲಿಮೀಟರಿಗೊಂದು ದಪ್ಪ ಎಳೆ ಇರುತ್ತದೆ. ಹರುಕು ಅಲ್ಲಿಗೆ ಬಂದು ನಿಲ್ಲುತ್ತದೆ, ಇಲ್ಲವೇ ಅಡ್ಡ ತಿರುಗುತ್ತದೆ. ಮೂಲೆ ತಿರುಗಿದ ಹರುಕುಗಳೇ ಹೆಚ್ಚು ಸಿಗುವುದು ಇದರಿಂದಲೇ.

ಒರೆಸಿದವರ ಕೆಲಸ ಯಾರ ಕಣ್ಣಿಗೂ ಬೀಳದು, ಆದರೆ ಟೇಪು ನಿಲ್ಲುವುದು ಅದರ ಮೇಲೆಯೇ. ಮೊದಲು ಮೆತ್ತನೆ ಬ್ರಶ್ಶಿನಿಂದ ಮರಳು ಕೊಡವಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿ, ಪೂರ್ತಿ ಒಣಗಲು ಬಿಟ್ಟಿರಿ. ಮರಳಿರುವಾಗಲೇ ಉಜ್ಜಿದ್ದರೆ ಎಳೆಗಳು ಸವೆಯುತ್ತಿದ್ದವು. ಆಮ್ಲ ತಾಗಿರಬಹುದಾದ ಕಲೆ ಕಂಡ ಕ್ಯಾನೊಪಿಯನ್ನು ಒರೆಸದೆ ಪಕ್ಕಕ್ಕಿಟ್ಟವರಿಗೆ ವಿಶೇಷ ವಂದನೆ. 1942ರಲ್ಲಿ ಅಮೆರಿಕದ ಅಡೆಲೈನ್ ಗ್ರೇ ನೈಲಾನ್ ಪ್ಯಾರಾಚೂಟಿನಲ್ಲಿ ಮೊದಲ ಸಲ ಜಿಗಿದ ಕಾಲದಿಂದಲೂ ಈ ಬಟ್ಟೆಯ ವೈರಿಗಳು ಅವೇ: ಬಿಸಿಲು, ಆಮ್ಲ, ಕಾವು. ಆಮ್ಲ ಬಿದ್ದ ಕಡೆ ತೂತಿನ ಸುತ್ತಲಿನ ಬಟ್ಟೆಯೂ ಸತ್ತಿರುತ್ತದೆ. ಅದರ ಮೇಲೆ ಎಷ್ಟು ಟೇಪು ಹಾಕಿದರೂ ದಂಡ.

ಬಟ್ಟೆಗಳನ್ನು ಎರಡು ರಾಶಿ ಮಾಡಿದವರನ್ನೂ ಮರೆಯುವಂತಿಲ್ಲ. ಲೇಪನವಿಲ್ಲದ ಮಾಮೂಲು ಬಟ್ಟೆಗೆ ಅಕ್ರಿಲಿಕ್ ಅಂಟಿನ ಟೇಪು ಚೆನ್ನಾಗಿ ಹಿಡಿಯುತ್ತದೆ. ಸಿಲಿಕಾನ್ ಲೇಪಿಸಿದ, ಗಾಳಿ ತೂರದ ಜೀರೊ ಪೊರೊಸಿಟಿ ಬಟ್ಟೆಗೆ ಅದೇ ಟೇಪು ಹಚ್ಚಿದರೆ ಮೂಲೆಗಳು ಬೇಗ ಏಳುತ್ತವೆ. ಅದಕ್ಕೆಂದೇ ಮಾಡಿದ ಟೇಪು ಬೇಕು. ಅನುಮಾನ ಬಂದಾಗಲೆಲ್ಲ ನೀವು ತುಂಡು ಬಟ್ಟೆಯ ಮೇಲೆ ಅಂಟಿಸಿ, ಎಳೆದು ನೋಡಿ, ಆಮೇಲಷ್ಟೇ ಕ್ಯಾನೊಪಿಗೆ ಕೈ ಹಾಕಿದಿರಿ.

ಕತ್ತರಿ ಹಿಡಿದವರು ಅಳತೆಯಲ್ಲಿ ಜಿಪುಣತನ ಮಾಡಲಿಲ್ಲ. ಹರುಕಿನಿಂದ ಎಲ್ಲ ಕಡೆಗೂ 25 ಮಿ.ಮೀ. ಹೆಚ್ಚು, ಅಂದರೆ 40 ಮಿ.ಮೀ. ನೇರ ಸೀಳಿಗೆ 90 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ತುಂಡು. ಮೂಲೆ ತಿರುಗಿದ ಹರುಕಿಗೆ ಎರಡು ಪಟ್ಟಿ ಜೋಡಿಸದೆ ಅಗಲ ಹಾಳೆಯಿಂದ ಒಂದೇ ತುಂಡು ಕತ್ತರಿಸಿದಿರಿ. ಎಳೆತ ಸೇರುವುದೇ ಆ ಮೂಲೆಯಲ್ಲಿ, ಜೋಡಣೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಪ್ರತಿ ತೇಪೆಯ ಮೂಲೆಯನ್ನೂ ನಾಣ್ಯವಿಟ್ಟು ದುಂಡು ಮಾಡಿದ್ದೂ ಸುಮ್ಮನೆ ಅಲ್ಲ, ಚೂಪು ಮೂಲೆ ಮಡಿಸುವಾಗಲೇ ಏಳುತ್ತದೆ.

ಇನ್ನು ಅಂಟಿಸುವ ಮೇಜಿನ ಜೋಡಿಗಳು. ಹರುಕಿನ ಅಡಿಗೆ ನುಣುಪು ಕಾಗದ, ಸುತ್ತ ತೂಕದ ಕಲ್ಲು, ಬಟ್ಟೆ ಸಪಾಟು, ಎಳೆತ ಮಾತ್ರ ಇಲ್ಲ. ಒಬ್ಬರು ಚೌಕಗಳ ಗೆರೆ ನೋಡಿ ಅಂಚಿಗೆ ಅಂಚು ತಾಗಿಸುತ್ತಿದ್ದರು, ಮೇಲೇರಿಸದೆ. ಇನ್ನೊಬ್ಬರು ಟೇಪಿನ ಹಿಂಬದಿಯ ಕಾಗದವನ್ನು 10 ಮಿ.ಮೀ. ಮಾತ್ರ ಸುಲಿದು, ಆ ತುದಿ ಕೂರಿಸಿ, ಉಳಿದ ಕಾಗದವನ್ನು ಅಡಿಯಿಂದ ಮೆಲ್ಲಗೆ ಎಳೆಯುತ್ತಾ ನಡುವಿನಿಂದ ಹೊರಕ್ಕೆ ಒತ್ತುತ್ತಿದ್ದರು. ಟೇಪನ್ನು ಹಿಗ್ಗಿಸಿ ಅಂಟಿಸಿದರೆ ಆಮೇಲೆ ಅದು ಕುಗ್ಗಿ ಬಟ್ಟೆ ನೆರಿಗೆಗಟ್ಟುತ್ತದೆ. ಹರುಕಿನ ಮೇಲೇ ಸುಕ್ಕು ಬಿದ್ದಾಗ ಬೇಸರಿಸದೆ, ಹದವಾಗಿ ಬಿಸಿಮಾಡಿ, ಓರೆಯಾಗಿ ನಿಧಾನಕ್ಕೆ ಸುಲಿದು, ಹೊಸ ತುಂಡು ಹಾಕಿದಿರಿ. ಮಗುಚಿ ಹಾಕುವ ಎರಡನೇ ತೇಪೆ ಸುತ್ತಲೂ 5 ಮಿ.ಮೀ. ದೊಡ್ಡದು. ಎರಡರ ಅಂಚೂ ಒಂದೇ ಗೆರೆಗೆ ಬಂದರೆ ಬಟ್ಟೆ ಅಲ್ಲೇ ಮುರಿದು ಮಡಿಯುತ್ತದೆ.

ಅಂಟಿಸಿದ ಮೇಲೆ 24 ಗಂಟೆ ಮುಟ್ಟದೆ ಕಾದ ಪ್ಯಾಕಿಂಗ್ ತಂಡಕ್ಕೆ ಧನ್ಯವಾದ. "ಇನ್ನೂ ಆಗಲಿಲ್ಲವೇ" ಎಂದು ಕೇಳಿದವರಿಗೂ, ಕೇಳಿದರೂ ಮುಟ್ಟಲಿಲ್ಲವಲ್ಲ. ಅಂಚಿನಲ್ಲಿ ಇಣುಕುವ ಅಂಟಿಗೆ ಟಾಲ್ಕಂ ಪುಡಿ ಸವರಿದ್ದರಿಂದ ಪದರಕ್ಕೆ ಪದರ ಅಂಟುವ ಕಾಟ ತಪ್ಪಿದೆ.

ಎಲ್ಲಕ್ಕಿಂತ ಹೆಚ್ಚಿನ ಋಣ ಬೇಡ ಎಂದ ರಿಗ್ಗರ್‌ಗಳದ್ದು. ಹೊಲಿಗೆಗೆ ತೀರಾ ಹತ್ತಿರದ ಹರುಕು, ಹಗ್ಗ ಕಟ್ಟುವ ಜಾಗದ ಹರುಕು, ತಯಾರಕರ ಕೈಪಿಡಿಯ ಮಿತಿ ಮೀರಿದ್ದು, ಇವಕ್ಕೆಲ್ಲ ಟೇಪಿನ ಮಾತೇ ಇಲ್ಲ ಎಂದಿರಿ. ಮುಖ್ಯದ್ದು ಕೈಕೊಟ್ಟಾಗ ತೆರೆಯುವ ರಿಸರ್ವ್ ಪ್ಯಾರಾಚೂಟುಗಳನ್ನಂತೂ ನಮ್ಮ ಮೇಜಿಗೇ ಬರಗೊಡಲಿಲ್ಲ. ಆಗ ಮುಖ ಸಣ್ಣದು ಮಾಡಿಕೊಂಡವರೂ ಈಗ ಒಪ್ಪುತ್ತಾರೆ.

ಇನ್ನು ಮುಂದೆ ಪ್ಯಾಕ್ ಮಾಡುವವರಿಗೆ, ಮುಂಗಡವಾಗಿಯೇ ವಂದನೆ. ಪ್ರತಿ ಸಲ ತೇಪೆಯ ಮೂಲೆಗಳ ಮೇಲೆ ಬೆರಳಾಡಿಸಿ. ಎದ್ದಿದ್ದರೆ ಒತ್ತಿ ಕೂರಿಸಬೇಡಿ, ಅಷ್ಟರಲ್ಲಿ ಅಂಟಿಗೆ ಧೂಳು ಹಿಡಿದಿರುತ್ತದೆ. ಕಾರ್ಡಿನಲ್ಲಿ ಬರೆದು, ಕ್ಯಾನೊಪಿಯನ್ನು ದುರಸ್ತಿ ಕಪಾಟಿನಲ್ಲಿಡಿ.